ದುಡಿದು ಬಂದ ಪಾದಗಳಿಗೆ ಮನೆಯಲ್ಲಿಯೇ ಆರೈಕೆ

ತಲೆಗೆ ಎಣ್ಣೆ ಹಚ್ಚುತ್ತೇವೆ, ಮುಖವನ್ನು ದಿನಕ್ಕೆ ನಾಲ್ಕು ಸಲ ತೊಳೆಯುತ್ತೇವೆ. ಆದರೆ ಇಡೀ ದೇಹದ ಭಾರವನ್ನು ಹೊತ್ತು ತಿರುಗುವ ಪಾದಗಳ ನೆನಪು ಮುಳ್ಳು ಚುಚ್ಚಿದಾಗ ಮಾತ್ರ ಬರುತ್ತದೆ. ಒಂದೊಂದು ಪಾದದಲ್ಲಿಯೂ 26 ಮೂಳೆಗಳು ಮತ್ತು 33 ಕೀಲುಗಳಿವೆ. ವಯಸ್ಕರ ದೇಹದಲ್ಲಿರುವ 206 ಮೂಳೆಗಳ ಪೈಕಿ 52 ಮೂಳೆಗಳು, ಅಂದರೆ ಸುಮಾರು ಕಾಲುಭಾಗ, ಎರಡು ಪಾದಗಳಲ್ಲಿಯೇ ಇವೆ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಈ ಪಾದಗಳು ಮಾಡುವ ಕೆಲಸವನ್ನು ನೋಡಿರಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರು ಚೀಲ ಹೊರುತ್ತಾರೆ. ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತ ಕಾಲು ಮಡಿಚಿ ತಾಸುಗಟ್ಟಲೆ ಕುಳಿತು, ಏಳುವಾಗ ಜೋಮು ಹಿಡಿದ ಕಾಲನ್ನು ಕೈಯಿಂದ ಎತ್ತಿ ಇಡುತ್ತಾರೆ. ರಾಣೇಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸದವರು ಹೂವು ಹುಡುಕುತ್ತ ಸಾಲಿನಿಂದ ಸಾಲಿಗೆ ನಿಂತೇ ಇರುತ್ತಾರೆ. ಹಾವೇರಿಯ ಸುತ್ತಲಿನ ಎರೆಭೂಮಿ ಬೇಸಿಗೆಯಲ್ಲಿ ಬಿರಿದಂತೆ ಅದನ್ನು ತುಳಿಯುವವರ ಹಿಮ್ಮಡಿಯೂ ಬಿರಿಯುತ್ತದೆ. ದಸರೆಗೆ ದೇವರಗುಡ್ಡಕ್ಕೆ ಬರಿಗಾಲಿನಲ್ಲಿ ನಡೆದು ಬಂದವರ ಪಾದಗಳ ಮಾತಂತೂ ಬೇರೆಯೇ.

ಕಾಲೊತ್ತುವುದು ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಅದು ಒಂದೇ ದಿಕ್ಕಿನಲ್ಲಿ ನಡೆಯುತ್ತ ಬಂದಿದೆ. ಸೊಸೆಯು ಅತ್ತೆಯ ಕಾಲನ್ನು, ಹೆಂಡತಿಯು ಗಂಡನ ಕಾಲನ್ನು ಒತ್ತುತ್ತಾಳೆ. ಅವಳ ಕಾಲನ್ನು ಒತ್ತುವವರಿಲ್ಲ. ಹೆಂಡತಿಯ ಕಾಲು ಮುಟ್ಟುವುದು ಹೇಗೆಂದು ಪುರುಷರು ನನ್ನನ್ನು ಕೇಳಿದ್ದುಂಟು. ಹಲವು ಮನೆತನಗಳಲ್ಲಿ ಮದುವೆಯ ದಿನ ವರನೇ ವಧುವಿನ ಪಾದವನ್ನು ಹಿಡಿದು ಕಾಲುಂಗುರ ತೊಡಿಸುತ್ತಾನೆ. ಊರವರೆಲ್ಲರ ಎದುರಿಗೆ ಅಂದು ಇಲ್ಲದ ಸಂಕೋಚವು ಸ್ವಂತ ಮನೆಯೊಳಗೆ ಏಕೆ ಬರಬೇಕು? ಅವಳೂ ಹೊಲದಿಂದಲೇ ಬಂದವಳು. ಬಂದ ಮೇಲೆ ರೊಟ್ಟಿ ಬಡಿದು, ನೀರು ತಂದು, ಎಲ್ಲರಿಗಿಂತ ಕೊನೆಗೆ ಮಲಗುವವಳು. ಆದುದರಿಂದ ಈ ಕೆಲಸವನ್ನು ದಂಪತಿಗಳು ಸರದಿಯ ಮೇಲೆ ಮಾಡಬೇಕೆಂಬುದು ನನ್ನ ಸಲಹೆ.

ರಾತ್ರಿ ಊಟವಾದ ಸ್ವಲ್ಪ ಹೊತ್ತಿನ ಮೇಲೆ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆಯಿರಿ. ನೀರಿನ ಬಿಸಿಯನ್ನು ಮೊದಲು ಮೊಣಕೈಯಿಂದ ಪರೀಕ್ಷಿಸತಕ್ಕದ್ದು. ಮಧುಮೇಹವುಳ್ಳವರು ಪಾದಗಳನ್ನು ನೀರಿನಲ್ಲಿ ನೆನೆಸದೆ, ತೊಳೆದು ಒರೆಸಿಕೊಂಡರೆ ಸಾಕು. ಬೆರಳುಗಳ ಸಂದಿಯನ್ನು ಹತ್ತಿಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಅಲ್ಲಿ ತೇವ ಉಳಿದರೆ ಬೂಷ್ಟು ಬೆಳೆದು ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ಎಣ್ಣೆ ಯಾವುದಾದರೂ ಆಗಬಹುದು. ಕೊಬ್ಬರಿ, ಕುಸುಬಿ, ಹರಳು, ಮನೆಯಲ್ಲಿ ಇದ್ದುದೇ ಸಾಕು. ಪೇಟೆಯಿಂದ ಬಣ್ಣದ ಶೀಸೆ ತರಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಬಿರಿದ ಹಿಮ್ಮಡಿಯನ್ನು ತಿಕ್ಕಬಾರದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜವೇ. ಆದರೂ ಬಿರುಕಿಗೆ ತಗಲಿದರೆ ಉರಿ ತಪ್ಪದು. ಖಾರದ ಅಂಶವು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ ಮೊದಲು ಕೈಗೆ ಎಣ್ಣೆ ಸವರಿ ಒರೆಸಿ, ಆ ಮೇಲೆ ಸಾಬೂನಿನಿಂದ ತೊಳೆಯಬೇಕು.

ಒಬ್ಬರು ಗೋಡೆಗೆ ಒರಗಿ ಕುಳಿತು ಪಾದವನ್ನು ಇನ್ನೊಬ್ಬರ ತೊಡೆಯ ಮೇಲೆ ಇಡಲಿ. ಅಂಗೈಯಲ್ಲಿ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಇಡೀ ಪಾದಕ್ಕೆ ಸವರಿರಿ. ನಂತರ ಎರಡೂ ಹೆಬ್ಬೆರಳುಗಳಿಂದ ಹಿಮ್ಮಡಿಯಿಂದ ಬೆರಳುಗಳವರೆಗೆ ನಿಧಾನವಾಗಿ ಒತ್ತುತ್ತ ಹೋಗಿರಿ. ಪಾದದ ನಡುವಿನ ಕಮಾನಿನಂತಹ ಭಾಗವೇ ಹೆಚ್ಚು ದಣಿಯುವುದರಿಂದ ಅಲ್ಲಿ ಸುತ್ತು ಸುತ್ತಾಗಿ ತಿಕ್ಕುತ್ತ ಹೆಚ್ಚು ಹೊತ್ತು ನಿಲ್ಲಿರಿ. ಒಂದೊಂದು ಬೆರಳನ್ನೂ ಹಿಡಿದು ಮೆಲ್ಲಗೆ ತಿರುಗಿಸಿರಿ. ನೆಟಿಗೆ ಮುರಿಯಲೇಬೇಕೆಂದು ಜಗ್ಗಬೇಡಿರಿ. ಕೊನೆಗೆ ಕಣಕಾಲಿನಿಂದ ಮೊಣಕಾಲಿನ ಕಡೆಗೆ ಮೀನಖಂಡವನ್ನು ಮೇಲ್ಮುಖವಾಗಿ ನೀವಬೇಕು, ಏಕೆಂದರೆ ರಕ್ತವು ಹೃದಯಕ್ಕೆ ಮರಳುವ ದಿಕ್ಕು ಅದು. ಒಂದು ಪಾದಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಮುಗಿದ ಮೇಲೆ ಎಣ್ಣೆಯನ್ನು ಒರೆಸದೆ ಏಳಬಾರದು. ನುಣುಪು ಕಲ್ಲಿನ ನೆಲದ ಮೇಲೆ ಎಣ್ಣೆಗಾಲಿನಲ್ಲಿ ಜಾರಿ ಬಿದ್ದವರಿಗೆ, ಅದರಲ್ಲಿಯೂ ಗರ್ಭಿಣಿಯರಿಗೆ, ಆಗುವ ಹಾನಿಯು ದಣಿವಿಗಿಂತ ದೊಡ್ಡದು.

ಇದರಿಂದ ದಣಿವು ಆರುತ್ತದೆ, ಬಿಗಿದ ಸ್ನಾಯು ಸಡಿಲುತ್ತದೆ, ನಿದ್ರೆ ಸುಲಭವಾಗುತ್ತದೆ. ಅಂಗಾಲಿನ ಇಂತಿಂತಹ ಚುಕ್ಕೆಯನ್ನು ಒತ್ತಿದರೆ ಯಕೃತ್ತಿನ ರೋಗ, ಮೂತ್ರಪಿಂಡದ ರೋಗ ವಾಸಿಯಾಗುವುದೆಂದು ಹೇಳುವವರಿದ್ದಾರೆ. ಅದಕ್ಕೆ ಆಧಾರವಿಲ್ಲ, ಅದನ್ನು ನಂಬಿ ಔಷಧಿ ನಿಲ್ಲಿಸಬೇಡಿರಿ.

ವೈದ್ಯನಾದ ನನಗೆ ಒತ್ತುವುದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ನೋಡುವುದು. ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಹಮಾಲರೊಬ್ಬರನ್ನು ಅವರ ಪತ್ನಿಯೇ ಕರೆತಂದಿದ್ದರು. ಎಣ್ಣೆ ಹಚ್ಚುವಾಗ ಅಂಗಾಲಿನಲ್ಲಿ ಅವರ ಬೆರಳಿಗೆ ಏನೋ ಗಟ್ಟಿಯಾದದ್ದು ತಗಲಿತ್ತು. ಅದು ಚಪ್ಪಲಿಯನ್ನು ತೂರಿ ಬಂದ ಮೊಳೆಯ ಮುರಿದ ತುದಿ. ಸುತ್ತಲೂ ಕೀವಾಗಿದ್ದರೂ ಅವರಿಗೆ ನೋವೇ ತಿಳಿದಿರಲಿಲ್ಲ. ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆಯ ಅಂಶ ಬಹಳ ಹೆಚ್ಚಾಗಿತ್ತು. ತಮಗೆ ಮಧುಮೇಹವಿದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಆದರೆ ಪಾದ ಉಳಿಯಿತು. ಇನ್ನೂ ಹದಿನೈದು ದಿನ ತಡವಾಗಿದ್ದರೆ ನಾನು ಹಾಗೆ ಹೇಳಲಾಗುತ್ತಿರಲಿಲ್ಲ.

ಮಧುಮೇಹವು ವರ್ಷಗಳು ಕಳೆದಂತೆ ಪಾದದ ನರಗಳನ್ನು ಕೆಡಿಸಿ ಸ್ಪರ್ಶಜ್ಞಾನವನ್ನು ಕಳೆಯುತ್ತದೆ. ಅಂತಹವರ ಪಾದಗಳನ್ನು ಪ್ರತಿದಿನವೂ ದೀಪದ ಬೆಳಕಿನಲ್ಲಿ ನೋಡಬೇಕು. ಒತ್ತುವುದಾದರೆ ಹಗುರವಾಗಿ ಒತ್ತಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಲೇಬಾರದು. ಮುಟ್ಟಿದರೆ ತಿಳಿಯದ, ಬಣ್ಣ ಮಾಸಿದ ಮಚ್ಚೆ ಕಂಡರೆ ಅದು ಕುಷ್ಠರೋಗವಿರಬಹುದು. ಮುಚ್ಚಿಡುವುದು ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ರೋಗ ಪೂರ್ಣವಾಗಿ ಗುಣವಾಗುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರ ಚರ್ಮದ ಮೂಲಕ ಕೊಕ್ಕೆಹುಳುವಿನ ಮರಿಗಳು ಒಳಸೇರಿ ರಕ್ತಹೀನತೆ ತರುವುದರಿಂದ ಬಯಲಿಗೆ ಹೊರಡುವಾಗ ಪಾದರಕ್ಷೆ ಅವಶ್ಯಕ.

ತೆರೆದ ಗಾಯ, ಕುರು ಇರುವಲ್ಲಿ ತಿಕ್ಕಬಾರದು. ಒಂದೇ ಕಾಲಿನ ಮೀನಖಂಡವು ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಇದರ ಸಂಭವ ಹೆಚ್ಚು. ಅದನ್ನು ಒತ್ತಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಒತ್ತದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ತುಂಬು ಗರ್ಭಿಣಿಯರ ಪಾದಗಳು ಸಂಜೆ ಸ್ವಲ್ಪ ಬಾಯುವುದು ಸಾಮಾನ್ಯ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟು ಎಡಮಗ್ಗುಲಾಗಿ ಮಲಗಿದರೆ ಇಳಿಯುತ್ತದೆ. ಆದರೆ ಮುಖ, ಕೈಗಳೂ ಬಾತಿದ್ದರೆ, ತಲೆನೋವು ಇದ್ದರೆ, ಕಣ್ಣು ಮಂಜಾದರೆ ಎಣ್ಣೆ ಹಚ್ಚುತ್ತ ಕೂರಬೇಡಿರಿ; ಅಂದೇ ರಕ್ತದೊತ್ತಡ ಪರೀಕ್ಷಿಸಬೇಕು. ಅದು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಾಯಿಗೂ ಮಗುವಿಗೂ ಗಂಡಾಂತರವಿದೆ. ಬಾತ ಬೆರಳಿನಲ್ಲಿ ಕಾಲುಂಗುರ ಬಿಗಿಯುವ ಮೊದಲೇ ಎಣ್ಣೆ ಹಚ್ಚಿ, ಮೆಲ್ಲಗೆ ತಿರುಗಿಸಿ ತೆಗೆದಿಡಬೇಕು. ಹಿರಿಯರು ಆಕ್ಷೇಪಿಸಿದರೆ ಗಂಡನೇ ಅವರಿಗೆ ತಿಳಿಸಿ ಹೇಳಲಿ. ದೇವರ ಜಗುಲಿಯ ಮೇಲೆ ಇಟ್ಟು, ಬಾವು ಇಳಿದ ಮೇಲೆ ಮತ್ತೆ ತೊಡಬಹುದು.