ಮಳೆಗಾಲದಲ್ಲಿ ಮೂಕವಾಗುವ ಹಾರ್ನು

ಮುಳ್ಳೇರಿಯ, ಪೆರ್ಲದ ಕಡೆಯ ತಿರುವುಗಳಲ್ಲಿ ಅಡಿಕೆ ಹೇರಿದ ಜೀಪಿನ ಹಾರ್ನು ಕೂಗದಿದ್ದರೆ, ಶಾಲೆಗೆ ನಡೆಯುವ ಮಕ್ಕಳಿಗೆ ಅಪಾಯ. ಮೊದಲು ಫ್ಯೂಸು ನೋಡಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕತಕ್ಕದ್ದು. ತಂತಿ ಸುತ್ತಿದರೆ ವಯರೇ ಹೊತ್ತೀತು. ಫ್ಯೂಸು ಸರಿಯಿದ್ದರೆ ಹಾರ್ನಿನ ವಯರು ಕಳಚಿ, ಫ್ಯೂಸಿರುವ ಬೇರೆ ವಯರಿನಿಂದ ಬ್ಯಾಟರಿಗೆ ನೇರವಾಗಿ ಕ್ಷಣಮಾತ್ರ ಮುಟ್ಟಿಸಿರಿ. ಕೂಗಿತೇ? ಹಾಗಾದರೆ ಹಾರ್ನು ಕೆಟ್ಟಿಲ್ಲ. ದೋಷ ಸ್ವಿಚ್ಚಿನಲ್ಲಿ, ರಿಲೇಯಲ್ಲಿ, ಇಲ್ಲವೆ ವಯರಿನಲ್ಲಿ.

ನಮ್ಮ ಮಳೆಗೆ ಹೆಚ್ಚಾಗಿ ಕೈಕೊಡುವುದು ಬಾಡಿಗೆ ಕೂಡುವ ಅರ್ತ್. ನನ್ನ ಜೀಪಿನಲ್ಲಿ ಎರಡು ಸಲ ಹೀಗೇ ಆಯಿತು. ಬ್ಯಾಟರಿ ಕಳಚಿಟ್ಟು, ಬೋಲ್ಟಿನ ಬುಡದ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದೆ, ಕೂಗಿತು. ಹಾರ್ನಿನ ಬಾಯಿ ಕೆಳಮುಖವಾಗಿರಲಿ, ನೀರು ನಿಲ್ಲದು. ಏರ್‌ಬ್ಯಾಗ್ ಇರುವ ಕಾರಿನ ಸ್ಟಿಯರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದು ಮೆಕ್ಯಾನಿಕನ ಕೆಲಸ.