ಮುಚ್ಚಿದ ಗೋಡೆಯ ಒಳಗನ್ನು ನೋಡುವವರಾರು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟುವ ಗೋಜೇ ಇಲ್ಲದೆ, ಕಾರ್ಖಾನೆಯಲ್ಲಿ ಸಿದ್ಧವಾದ ಮನೆಯನ್ನೇ ಕೊಂಡು ತಂದರೆ? ಆಗ ‘ನೋಡುವ’ ಕೆಲಸ ಯಾರದು?

ನಮ್ಮಲ್ಲಿ ಮುರಕಲ್ಲಿನ ಗೋಡೆ ಏಳುವುದು ಎಲ್ಲರ ಕಣ್ಣೆದುರಿಗೆ. ಕಾರ್ಖಾನೆಯ ಮನೆ ಹಾಗಲ್ಲ. ವಿದ್ಯುತ್ ತಂತಿ, ನೀರಿನ ಕೊಳವೆಗಳೆಲ್ಲ ಗೋಡೆಯೊಳಗೆ ಸೇರಿ, ಮೇಲೆ ಹಲಗೆ ಹೊದೆದು, ಅದು ಲಾರಿಯೇರಿ ಬರುತ್ತದೆ. ನಿವೇಶನದಲ್ಲಿ ಕಾದು ನಿಂತ ಇನ್ಸ್‌ಪೆಕ್ಟರರಿಗೆ ಕಾಣುವುದು ಬಣ್ಣ ಮಾತ್ರ. ಒಳಗನ್ನು ನೋಡಬೇಕಾದರೆ ಗೋಡೆ ಒಡೆಯಬೇಕು!

ಅಮೇರಿಕದ ಕ್ಯಾಲಿಫೋರ್ನಿಯ ರಾಜ್ಯ ಇದಕ್ಕಾಗಿ 1969ರಲ್ಲಿ ಕಾನೂನೊಂದನ್ನು ಮಾಡಿತು. ಬಿಚ್ಚದೆ, ಕೆಡಿಸದೆ ಒಳಭಾಗವನ್ನು ಪರೀಕ್ಷಿಸಲಾಗದ ಮನೆಗಳಿಗೆ ಅದು ಅನ್ವಯಿಸುತ್ತದೆ. ನಕ್ಷೆಗೆ ಮೊದಲೇ ಒಪ್ಪಿಗೆ ಬೇಕು. ತಪಾಸಣೆ ಕಾರ್ಖಾನೆಯಲ್ಲೇ ನಡೆಯಬೇಕು. ಎಲ್ಲವೂ ಸರಿಯಿದ್ದರೆ ಮನೆಗೆ ರಾಜ್ಯದ ಮುದ್ರೆ ಬೀಳುತ್ತದೆ. ಆ ಮೇಲೆ ರಾಜ್ಯದ ಯಾವ ಊರಿನವರೂ ‘ಬಿಚ್ಚಿ ತೋರಿಸು’ ಎನ್ನುವಂತಿಲ್ಲ.

ಹಾಗಾದರೆ ಸ್ಥಳೀಯಾಡಳಿತಕ್ಕೆ ಕೆಲಸವಿಲ್ಲವೇ? ಇದೆ. ಅಡಿಪಾಯವನ್ನೂ ಅದರ ಮೇಲೆ ಮನೆಯನ್ನು ಕೂರಿಸಿದ ರೀತಿಯನ್ನೂ ಅದೇ ಪರೀಕ್ಷಿಸುತ್ತದೆ. ಮನೆ ಯಾವ ವಲಯದಲ್ಲಿರಬೇಕು, ರಸ್ತೆಯಿಂದಲೂ ನೆರೆಯವರ ಗಡಿಯಿಂದಲೂ ಎಷ್ಟು ದೂರವಿರಬೇಕು ಎಂಬ ನಿರ್ಣಯವೂ ಅದರದೇ. ಗೋಡೆಯ ಒಳಗು ರಾಜ್ಯದ ಹೊಣೆ, ನೆಲ ಊರಿನ ಹೊಣೆ.

ಆದರೆ ನೆಲದ ಮೇಲಿನ ಅಧಿಕಾರವೇ ಬಡವರ ಅಗ್ಗದ ಮನೆಗೆ ಅಡ್ಡಿಯಾಗಬಹುದು. ಉಕ್ಕಿನ ಚೌಕಟ್ಟಿನ ಮೇಲೆ ಸಾಗಿಸುವ ಇನ್ನೊಂದು ಬಗೆಯ ಮನೆಗಳ ವಿಷಯದಲ್ಲಿ ಇದು ಕಂಡುಬಂತು. 1974ರ ಕೇಂದ್ರ ಕಾನೂನಿನಂತೆ ಇವುಗಳಿಗೆ 1976 ಜೂನ್ 15ರಿಂದ ದೇಶಕ್ಕೆಲ್ಲ ಒಂದೇ ನಿರ್ಮಾಣ ನಿಯಮ ಬಂದರೂ, ಎಲ್ಲಿ ನಿಲ್ಲಿಸಬಹುದೆಂಬ ಮಾತು ಊರಿನ ಕೈಯಲ್ಲೇ ಉಳಿಯಿತು. ಕೊನೆಗೆ 1980ರಲ್ಲಿ ಕ್ಯಾಲಿಫೋರ್ನಿಯ ಮಧ್ಯೆ ಬಂದು, ಶಾಶ್ವತ ಅಡಿಪಾಯದ ಮೇಲೆ ನಿಲ್ಲಿಸುವ ಇಂಥ ಮನೆಗಳನ್ನು ಸಾಮಾನ್ಯ ಮನೆಗಳ ಬಡಾವಣೆಯಿಂದ ಸಾರಾಸಗಟಾಗಿ ಹೊರಗಿಡಬಾರದೆಂದಿತು. ಈಗ ಅಲ್ಲಿನ ನಗರಗಳು ಮಾಡಿನ ಹೊದಿಕೆ, ಹೊರಗೋಡೆಯ ಸಾಮಗ್ರಿಗಳ ಬಗ್ಗೆ ಷರತ್ತು ಹಾಕಬಹುದು. ಆದರೆ ಸಾಮಾನ್ಯ ಮನೆಗಳಿಗೂ ಅಂಥ ನಿಯಮವಿಲ್ಲದಿದ್ದರೆ, ಮಾಡಿನ ಚಾಚು 16 ಅಂಗುಲಕ್ಕಿಂತ ಹೆಚ್ಚು ಬೇಕೆಂದು ಪಟ್ಟು ಹಿಡಿಯುವಂತಿಲ್ಲ. ಅಂಗುಲದ ಲೆಕ್ಕವನ್ನೂ ಕಾನೂನೇ ಹೇಳಬೇಕಾಯಿತೆಂದರೆ ನೆಪಗಳಿಗೆ ಎಷ್ಟು ಎಡೆಯಿದೆಯೆಂದು ಊಹಿಸಬಹುದು.

ಕೇರಳದಲ್ಲೂ ಕಟ್ಟಡದ ನಿಯಮ ಮಾಡುವುದು ರಾಜ್ಯ ಸರಕಾರ, ಪರವಾನಿಗೆ ಕೊಡುವುದು ಪಂಚಾಯತು. ಸಿದ್ಧ ಮನೆಗಳು ನಮ್ಮ ಅಂಗಳಕ್ಕೂ ಬಂದಾಗ ಈ ಅನುಭವ ನೆನಪಿರಲಿ. ಗೋಡೆ ಮುಚ್ಚುವ ಮೊದಲು ನೋಡುವವರೊಬ್ಬರು ಬೇಕು. ಮುಚ್ಚಿದ ಮೇಲೆ ನೆಪ ಹುಡುಕುವವರು ಬೇಡ.