ಸ್ನಾಯುಚಾಲಿತ ಕೃತಕ ಕೈಗಳ ಪರೀಕ್ಷೆ

ಸ್ನಾಯುಚಾಲಿತ ಕೃತಕ ಕೈಗಳ ಪರೀಕ್ಷೆ ಎಂದರೆ, ತೋಳಿನ ಸ್ನಾಯುಗಳು ಬಿಗಿಯುವಾಗ ಹುಟ್ಟುವ ವಿದ್ಯುತ್ ಸಂಕೇತದಿಂದ ನಡೆಯುವ ಮಯೋಎಲೆಕ್ಟ್ರಿಕ್ ಕೈಯ ಗುಣಮಟ್ಟವನ್ನೂ, ಅದನ್ನು ಧರಿಸಿದವರು ಅದರಿಂದ ಮಾಡಬಲ್ಲ ಕೆಲಸವನ್ನೂ ಅಳೆಯುವ ಕ್ರಮ. ಇಂತಹ ಕೈಯ ಮೊದಲ ಮಾದರಿಯನ್ನು 1940ರ ದಶಕದಲ್ಲಿ ಜರ್ಮನಿಯ ರೈನ್‌ಹೋಲ್ಡ್ ರೈಟರ್ ರೂಪಿಸಿದರು.

ಸಂಕೇತ ಮತ್ತು ಯಂತ್ರ

ಮೊಣಕೈಯ ಕೆಳಗೆ ಕೈ ಕಳೆದುಕೊಂಡವರಲ್ಲಿಯೂ ಮಣಿಕಟ್ಟನ್ನು ಬಾಗಿಸುತ್ತಿದ್ದ ಸ್ನಾಯುಗಳ ಭಾಗ ಸಾಮಾನ್ಯವಾಗಿ ಉಳಿದಿರುತ್ತದೆ. ಒಂದು ಸ್ನಾಯು ಬಿಗಿದರೆ ಕೈ ತೆರೆಯುವಂತೆ, ಇನ್ನೊಂದು ಬಿಗಿದರೆ ಮುಚ್ಚುವಂತೆ ಎಲೆಕ್ಟ್ರೋಡುಗಳನ್ನು ಜೋಡಿಸಲಾಗುತ್ತದೆ. ಆದ್ದರಿಂದ ಇವೆರಡನ್ನೂ ಬೇರೆಬೇರೆಯಾಗಿ ಬಿಗಿಯಬಲ್ಲರೇ ಎಂಬುದೇ ಮೊದಲ ಪರೀಕ್ಷೆ. ಬೆವರು, ಸಾಕೆಟ್ಟಿನ ಜರುಗುವಿಕೆ, ಹಿಡಿದ ವಸ್ತುವಿನ ಭಾರ ಇವು ಸಂಕೇತವನ್ನು ಕೆಡಿಸುತ್ತವೆ. ಮೇಜಿನ ಮೇಲೆ ಸರಿಯಾಗಿ ನಡೆದ ಕೈ ತೋಳನ್ನು ಮೇಲೆತ್ತಿದಾಗ ತಾನಾಗಿ ತೆರೆದುಕೊಳ್ಳಬಹುದು. ಹೀಗಾಗಿ ಕುಳಿತಲ್ಲಿ ಮಾತ್ರ ನಡೆಸಿದ ಪರೀಕ್ಷೆ ಸಾಲದು. ಸ್ನಾಯು ಬಿಗಿದ ಕ್ಷಣಕ್ಕೂ ಕೈ ಚಲಿಸುವ ಕ್ಷಣಕ್ಕೂ ನಡುವಿನ ನಿಯಂತ್ರಕದ ವಿಳಂಬ 100ರಿಂದ 125 ಮಿಲಿಸೆಕೆಂಡುಗಳ ಒಳಗಿರಬೇಕೆಂದು 2007ರ ಅಧ್ಯಯನವೊಂದು ಸೂಚಿಸಿದೆ. ಬಲ ಮತ್ತು ಸುರಕ್ಷತೆಯ ಪರೀಕ್ಷೆಗೆ ಐಎಸ್‌ಒ 22523 ಮಾನದಂಡವಿದೆ.

ಕಾರ್ಯಪರೀಕ್ಷೆಗಳು

ಅತ್ಯಂತ ಸರಳವಾದುದು ಪೆಟ್ಟಿಗೆ ಮತ್ತು ಕಟ್ಟಿಗೆ ತುಂಡುಗಳ ಪರೀಕ್ಷೆ. ಒಂದು ನಿಮಿಷದಲ್ಲಿ ಎಷ್ಟು ತುಂಡುಗಳನ್ನು ಅಡ್ಡಗೋಡೆಯ ಆಚೆಗೆ ಸಾಗಿಸಿದರೆಂದು ಎಣಿಸಲಾಗುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪರೀಕ್ಷೆಯಲ್ಲಿ 26 ಕೆಲಸಗಳಿವೆ: 12 ಹಗುರ ಮತ್ತು ಭಾರದ ಆಕಾರಗಳನ್ನು ಸರಿಸುವುದು, 14 ನಾಣ್ಯ ಎತ್ತುವುದು, ಗುಂಡಿ ಬಿಚ್ಚುವುದು, ಮುಚ್ಚಳ ತಿರುಗಿಸುವುದು ಮುಂತಾದ ದಿನಬಳಕೆಯವು. ಗಡಿಯಾರದ ಗುಂಡಿಯನ್ನು ಧರಿಸಿದವರೇ ಒತ್ತುತ್ತಾರೆ. ಸ್ವೀಡನ್ನಿನಲ್ಲಿ ಲಿಸೆಲೊಟ್ಟೆ ಹರ್ಮನ್ಸನ್ ರೂಪಿಸಿದ ಎಸಿಎಂಸಿಯಲ್ಲಿ ಕಾಲವನ್ನು ಅಳೆಯುವುದಿಲ್ಲ. ವ್ಯಕ್ತಿ ತನಗೆ ಪರಿಚಿತವಾದ ಕೆಲಸ ಮಾಡುವಾಗ ತರಬೇತಿ ಪಡೆದ ವೀಕ್ಷಕರು ಹಿಡಿಯುವುದು, ಬಿಡುವುದು, ಕಣ್ಣಿಡದೆ ನಡೆಸುವುದು ಇವಕ್ಕೆ 0ಯಿಂದ 3ರವರೆಗೆ ಅಂಕ ನೀಡುತ್ತಾರೆ. ವೇಗಕ್ಕಿಂತ ಹಿಡಿತದ ಸಹಜತೆಯನ್ನು ತಿಳಿಯಲು ಇದೇ ಹೆಚ್ಚು ಉಪಯುಕ್ತ.

ಸ್ಥಳೀಯ ಬಳಕೆ

ಈ ಪಟ್ಟಿಗಳು ಚಮಚ, ಚಾಕು ಬಳಸುವ ಊಟದ ಮೇಜಿನಲ್ಲಿ ಹುಟ್ಟಿದವು. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಭಾಗದಲ್ಲಿ ಜೋಳದ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಳ್ಳುವುದು ಮೂರು ಬೆರಳುಗಳ ಸೂಕ್ಷ್ಮ ಕೆಲಸ. ಅಲ್ಲಿ ಬೆರಳು ಒದ್ದೆಯೂ ಆಗುತ್ತದೆ, ಒದ್ದೆ ಎಂದರೆ ಮೋಟಾರಿಗೆ ಅಪಾಯ. ಇಂತಹ ಕೆಲಸಗಳನ್ನು ಪರೀಕ್ಷೆಗೆ ಸೇರಿಸಿದರೆ ಫಲಿತಾಂಶ ಬದುಕಿಗೆ ಹತ್ತಿರವಾಗುತ್ತದೆ, ಆದರೆ ಬೇರೆಡೆಯ ಅಂಕಗಳೊಡನೆ ಹೋಲಿಸುವುದು ಕಷ್ಟವಾಗುತ್ತದೆ. 2007ರ ಒಂದು ಸಮೀಕ್ಷಾ ಲೇಖನದ ಪ್ರಕಾರ ವಿದ್ಯುತ್‌ಚಾಲಿತ ಕೈ ಪಡೆದ ವಯಸ್ಕರಲ್ಲಿ ಸರಾಸರಿ 23 ಶೇಕಡಾ ಮಂದಿ ಅದನ್ನು ಕೈಬಿಡುತ್ತಾರೆ. ಉಳಿದ ತೋಳು ಕಾಲಕ್ರಮೇಣ ಸೊರಗಿ ಸಾಕೆಟ್ಟು ಸಡಿಲವಾಗುವುದರಿಂದ, ಕೈ ಅಳವಡಿಸಿದ ಕೆಲವು ತಿಂಗಳ ಬಳಿಕ ಅದೇ ಪರೀಕ್ಷೆಗಳನ್ನು ಮತ್ತೆ ನಡೆಸಬೇಕಾಗುತ್ತದೆ.